ಸಭಾಕಂಪವಿದ್ದೂ ಚೆನ್ನಾಗಿ ಮಾತನಾಡುವುದು ಹೇಗೆ?

ನಾಲ್ಕು ಜನ ಸ್ನೇಹಿತರ ನಡುವೆ ಅರಳು ಹುರಿದಂತೆ ಮಾತನಾಡುವವರೂ ನಲವತ್ತು ಜನರ ಮುಂದೆ ಎದ್ದು ನಿಂತರೆ ತಬ್ಬಿಬ್ಬಾಗುವುದುಂಟು. ಎದೆ ಡವಗುಟ್ಟುತ್ತದೆ, ನಾಲಿಗೆ ಒಣಗುತ್ತದೆ, ಕೈಯಲ್ಲಿರುವ ಚೀಟಿ ಅದುರುತ್ತದೆ. ನಿನ್ನೆ ರಾತ್ರಿ ಬಾಯಿಪಾಠವಾಗಿದ್ದ ಮೊದಲ ಸಾಲು ಎಲ್ಲಿಗೋ ಹೋಗಿರುತ್ತದೆ. ಇದಕ್ಕೂ ಜಾಣತನಕ್ಕೂ ಸಂಬಂಧವಿಲ್ಲ. ಗಾಂಧೀಜಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಒಂದು ಹಾಳೆಯನ್ನೂ ತುಂಬದ ಭಾಷಣವನ್ನು ಬರೆದುಕೊಂಡು ಎದ್ದು ನಿಂತರು; ಕಣ್ಣು ಮಂಜಾಗಿ, ಮೈ ನಡುಗಿ, ಕೊನೆಗೆ ಅದನ್ನು ಜೊತೆಗಿದ್ದವರು ಓದಬೇಕಾಯಿತು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮಾತಿನ ಆ ಸಂಕೋಚವೇ ಮುಂದೆ ತಮಗೆ ಶಬ್ದಗಳ ಮಿತವ್ಯಯ ಕಲಿಸಿತು ಎಂದೂ ಹೇಳಿದ್ದಾರೆ.

ಧೈರ್ಯ ಬಂದ ಮೇಲೆ ಮಾತನಾಡುತ್ತೇನೆ ಎನ್ನುವವರು ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಎನ್ನುವವರ ಹಾಗೆ. ಭಯ ಮೊದಲು ಹೋಗಲಿ ಎಂದು ಕಾಯುವುದರಲ್ಲಿ ವರ್ಷಗಳು ಕಳೆಯುತ್ತವೆ. ಭಯ ಇದ್ದಲ್ಲೇ ಇರಲಿ, ಅದರ ಜೊತೆಗೇ ಐದು ನಿಮಿಷ ನೆಟ್ಟಗೆ ಮಾತನಾಡುವುದನ್ನು ಕಲಿಯೋಣ. ಹಾಗೆ ಕೆಲವು ಬಾರಿ ಮಾತನಾಡಿದ ಮೇಲೆ ಉಳಿಯುವುದನ್ನೇ ನಾವು ಆತ್ಮವಿಶ್ವಾಸ ಎಂದು ಕರೆಯುತ್ತೇವೆ.

ಹಂತ 1: ಮೈಯಲ್ಲಿ ಆಗುತ್ತಿರುವುದು ಏನು ಎಂದು ತಿಳಿದುಕೊಳ್ಳಿ

ಹತ್ತಾರು ಕಣ್ಣುಗಳು ಒಮ್ಮೆಲೇ ನಮ್ಮತ್ತ ತಿರುಗಿದಾಗ ಮಿದುಳು ಅದನ್ನು ಅಪಾಯವೆಂದು ಲೆಕ್ಕ ಹಾಕುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಹೃದಯ ವೇಗವಾಗಿ ಬಡಿದು ಸ್ನಾಯುಗಳಿಗೆ ಹೆಚ್ಚು ರಕ್ತ ಕಳಿಸುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಎಂಜಲು ಬೇಕಿಲ್ಲವಾದ್ದರಿಂದ ಬಾಯಿ ಒಣಗುತ್ತದೆ. ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ಕುಳಿತುಕೊಳ್ಳುತ್ತದೆ, ಆದ್ದರಿಂದ ಧ್ವನಿ ತೆಳುವಾಗುತ್ತದೆ. ಇದೆಲ್ಲ ಆರೋಗ್ಯವಂತ ದೇಹದ ಕೆಲಸ. ಬಹುಪಾಲು ಜನರಲ್ಲಿ ಇದರ ಆರ್ಭಟ ವೇದಿಕೆ ಹತ್ತುವ ಮುನ್ನ ಮತ್ತು ಮೊದಲ ಒಂದೆರಡು ನಿಮಿಷಗಳಲ್ಲಿ ಹೆಚ್ಚು. ಮಾತು ಮುಂದುವರಿದಂತೆ ಅದು ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಸಿದ್ಧತೆಯ ದೊಡ್ಡ ಪಾಲು ಆ ಮೊದಲ ನಿಮಿಷಕ್ಕೆ ಸಲ್ಲಬೇಕು. ಅದರ ವಿವರ ಮುಂದೆ ಬರುತ್ತದೆ.

ಇನ್ನೊಂದು ಸಂಗತಿ ತಿಳಿದಿದ್ದರೆ ಅರ್ಧ ಹೊರೆ ಇಳಿದಂತೆ. ನಮ್ಮ ಒಳಗಿನ ತಳಮಳ ಎದುರಿಗಿರುವವರಿಗೆಲ್ಲ ಕಾಣುತ್ತಿದೆ ಎಂದು ನಮಗನ್ನಿಸುತ್ತದೆ. ವಾಸ್ತವದಲ್ಲಿ ಅವರಿಗೆ ಕಾಣುವುದು ತೀರ ಕಡಿಮೆ. ಸವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಭ್ರಮೆಯ ಬಗ್ಗೆ ಮೊದಲೇ ತಿಳಿಸಲಾಗಿದ್ದ ಭಾಷಣಕಾರರು ತಿಳಿಸದವರಿಗಿಂತ ಚೆನ್ನಾಗಿ ಮಾತನಾಡಿದರು. ಹಾಗೆ ಅವರಿಗೂ ಅನ್ನಿಸಿತು, ಕೇಳಿದವರಿಗೂ ಅನ್ನಿಸಿತು. ಬರೀ ಮಾಹಿತಿಯಿಂದ ಇಷ್ಟು ಲಾಭ ಸಿಗುವುದು ಅಪರೂಪ, ಇದನ್ನು ಜೇಬಿನಲ್ಲಿಟ್ಟುಕೊಳ್ಳಿ. ಅನುಮಾನವಿದ್ದರೆ ನಿಮ್ಮ ಮಾತಿನ ವಿಡಿಯೊ ಮಾಡಿಸಿ ನೋಡಿ. ಕಾಲು ಕುಸಿಯುತ್ತಿದೆ ಎಂದು ನಿಮಗನ್ನಿಸಿದ ಘಳಿಗೆಯಲ್ಲಿ ಪರದೆಯ ಮೇಲೆ ಇರುವುದು ಸುಮ್ಮನೆ ನಿಂತು ಮಾತನಾಡುತ್ತಿರುವ ಒಬ್ಬ ಮನುಷ್ಯ.

ಹಂತ 2: ಚಿಕ್ಕ ಮೆಟ್ಟಿಲುಗಳನ್ನು ಕಟ್ಟಿಕೊಳ್ಳಿ

ಭಯವನ್ನು ಸಾಕುವುದು ತಪ್ಪಿಸಿಕೊಳ್ಳುವ ಅಭ್ಯಾಸ. ಆಹ್ವಾನ ಬಂದಾಗ ‘ಆ ದಿನ ಊರಲ್ಲಿರುವುದಿಲ್ಲ’ ಎಂದು ಹೇಳಿ ಫೋನ್ ಇಟ್ಟ ಕ್ಷಣ ಎಷ್ಟು ಹಗುರವೆನಿಸುತ್ತದೆ! ಆ ನಿರಾಳವೇ ಮಿದುಳಿಗೆ ಸಿಗುವ ಬಹುಮಾನ. ಮುಂದಿನ ಸಲ ತಪ್ಪಿಸಿಕೊಳ್ಳುವ ಆಸೆ ಇನ್ನಷ್ಟು ಜೋರಾಗುತ್ತದೆ. ಇದಕ್ಕೆ ಮದ್ದು ಒಮ್ಮೆಲೇ ದೊಡ್ಡ ಸಭೆಗೆ ಹಾರುವುದಲ್ಲ. ಹಾಗೆ ಹಾರಿ ಏಟು ತಿಂದವರು ಹತ್ತು ವರ್ಷ ಮೈಕಿನ ಹತ್ತಿರ ಸುಳಿಯುವುದಿಲ್ಲ. ಸ್ವಲ್ಪ ಮುಜುಗರವಾಗುವಷ್ಟು, ಆದರೆ ತಡೆದುಕೊಳ್ಳಬಹುದಾದಷ್ಟು ಸಣ್ಣ ಸಂದರ್ಭಗಳನ್ನು ನೀವೇ ಹುಡುಕಿಕೊಂಡು, ಕಷ್ಟದ ಕ್ರಮದಲ್ಲಿ ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ಒಂದು ಮಾದರಿ ಹೀಗಿರಬಹುದು. ಮೊದಲಿಗೆ ಕೋಣೆಯಲ್ಲಿ ಒಬ್ಬರೇ ನಿಂತು ಎರಡು ನಿಮಿಷ ಮಾತನಾಡಿ ಮೊಬೈಲಿನಲ್ಲಿ ದಾಖಲಿಸಿಕೊಳ್ಳುವುದು. ಆಮೇಲೆ ಅದೇ ಮಾತನ್ನು ಮನೆಯವರಲ್ಲಿ ಒಬ್ಬರ ಮುಂದೆ ಹೇಳುವುದು. ಮುಂದಿನದು ಸಭೆಯೊಂದರಲ್ಲಿ ಕೈಯೆತ್ತಿ ಒಂದು ಪ್ರಶ್ನೆ ಕೇಳುವುದು. ಪ್ರಶ್ನೆಯನ್ನು ಮೊದಲೇ ಬರೆದುಕೊಂಡಿದ್ದರೂ ಅಡ್ಡಿಯಿಲ್ಲ, ನಿಮ್ಮ ಧ್ವನಿ ಆ ಕೋಣೆಯಲ್ಲಿ ಕೇಳಿಸಿತು ಎಂಬುದೇ ಲೆಕ್ಕ. ನಂತರ ಅತಿಥಿಯ ಪರಿಚಯ ಅಥವಾ ವಂದನಾರ್ಪಣೆ. ಹೊಸಬರಿಗೆ ಇವೆರಡಕ್ಕಿಂತ ಒಳ್ಳೆಯ ಅವಕಾಶವನ್ನು ನಾನು ಕಾಣೆ. ಅವಧಿ ಚಿಕ್ಕದು, ಹೇಳಬೇಕಾದದ್ದು ಬಹುಮಟ್ಟಿಗೆ ಗೊತ್ತಿರುವಂಥದ್ದು, ಸಭಿಕರ ಗಮನವೂ ನಿಮಗಿಂತ ಅತಿಥಿಯ ಮೇಲೆಯೇ ಹೆಚ್ಚು. ಅದಾದ ಮೇಲೆ ಹತ್ತು ಜನರ ಮುಂದೆ ಐದು ನಿಮಿಷ. ಆಮೇಲೆ ದೊಡ್ಡ ಸಭೆ.

ಒಂದು ಮೆಟ್ಟಿಲಿನ ಮೇಲೆ ಒಂದೇ ಬಾರಿ ಕಾಲಿಟ್ಟು ಮುಂದಕ್ಕೆ ಜಿಗಿಯಬೇಡಿ. ಅಲ್ಲಿಯೇ ಮೂರು ನಾಲ್ಕು ಬಾರಿ ಮಾಡಿ, ಸ್ವಲ್ಪ ಬೇಸರ ಬರಲಿ. ಬೇಸರ ಬಂದಿತೆಂದರೆ ಭಯ ಅಲ್ಲಿಂದ ಹೊರಟಿದೆ. ಶುರು ಮಾಡಿದ್ದನ್ನು ನಡುವೆ ಬಿಟ್ಟು ಕೂರಬೇಡಿ ಎಂಬುದೂ ಅಷ್ಟೇ ಮುಖ್ಯ. ತೊದಲಿದರೂ ಮುಗಿಸಿ ಕುಳಿತವನಿಗೆ ‘ಏನೂ ಆಗಲಿಲ್ಲ’ ಎಂಬುದು ಗೊತ್ತಾಗಿರುತ್ತದೆ. ಅರ್ಧಕ್ಕೆ ಎದ್ದು ಹೋದವನಿಗೆ ಅದು ಗೊತ್ತಾಗುವುದೇ ಇಲ್ಲ.

ಅಭ್ಯಾಸಕ್ಕೆ ಗುಂಪು ಸಿಕ್ಕರೆ ಒಳ್ಳೆಯದು. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನ ಮಾದರಿ ಇಂದು ಜಗತ್ತಿನಾದ್ಯಂತ ಹರಡಿದೆ. ಅಲ್ಲಿ ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ಭಾಷಣಕಾರ ಎಷ್ಟು ಸಲ ‘ಆಂ...’ ಎಂದರು ಎಂದು ಎಣಿಸುತ್ತಾರೆ, ಇನ್ನೊಬ್ಬರು ವಿಮರ್ಶೆ ಮಾಡುತ್ತಾರೆ. ಅಂಥ ಕ್ಲಬ್ ಹತ್ತಿರದಲ್ಲಿಲ್ಲದಿದ್ದರೆ ನಾಲ್ಕು ಜನ ಸೇರಿ ವಾರಕ್ಕೊಮ್ಮೆ ಇದೇ ಕೆಲಸಗಳನ್ನು ಹಂಚಿಕೊಂಡರೂ ಸಾಕು.

ಹಂತ 3: ಒಂದೇ ಮಾತು ಹೇಳಲು ಹೊರಡಿ

ಸಭಾಕಂಪ ಎಂದು ನಾವು ದೂರುವ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ತೊಂದರೆ ಬೇರೆ: ಏನು ಹೇಳಬೇಕೆಂಬುದು ನಮಗೇ ಸ್ಪಷ್ಟವಿರುವುದಿಲ್ಲ. ಉದಾಹರಣೆಗೆ, ನೀವು ಸಾರ್ವಜನಿಕ ಗ್ರಂಥಾಲಯದ ಬಗ್ಗೆ ಐದು ನಿಮಿಷ ಮಾತನಾಡಬೇಕಿದೆ ಎಂದುಕೊಳ್ಳಿ. ‘ಗ್ರಂಥಾಲಯದ ಮಹತ್ವ’ ಎಂದು ಶೀರ್ಷಿಕೆ ಬರೆದುಕೊಂಡು ಕುಳಿತರೆ ಪುಸ್ತಕದ ಇತಿಹಾಸ, ಓದಿನ ಲಾಭ, ಇಂದಿನ ಯುವಜನರ ಮೊಬೈಲ್ ಹುಚ್ಚು, ಎಲ್ಲವೂ ಸಾಲುಗಟ್ಟಿ ಬರುತ್ತವೆ. ಯಾವುದನ್ನು ಬಿಡಬೇಕೆಂದು ತಿಳಿಯುವುದಿಲ್ಲ. ಅದರ ಬದಲು ಕೇಳುವವರು ಮನೆಗೆ ಒಯ್ಯಬೇಕಾದ ಒಂದು ವಾಕ್ಯವನ್ನು ಬರೆಯಿರಿ: ‘ದುಡಿಯುವವರು ಬಿಡುವಾಗುವ ಹೊತ್ತಿಗೆ ಗ್ರಂಥಾಲಯ ಮುಚ್ಚಿರುತ್ತದೆ, ವಾರಕ್ಕೆ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿಡಬೇಕು.’ ಈಗ ಪುಸ್ತಕದ ಇತಿಹಾಸ ತಾನಾಗಿಯೇ ಹೊರಗೆ ಬೀಳುತ್ತದೆ.

ಇನ್ನು ಚೀಟಿ. ಇಡೀ ಭಾಷಣವನ್ನು ಬಾಯಿಪಾಠ ಮಾಡಬಾರದೆನ್ನಲು ಒಂದು ಪ್ರಸಿದ್ಧ ಸಾಕ್ಷಿಯಿದೆ. ವಿನ್‌ಸ್ಟನ್ ಚರ್ಚಿಲ್ 1904ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ನೆನಪಿನ ಬಲದ ಮೇಲೆಯೇ ಮಾತನಾಡುತ್ತಿದ್ದಾಗ ನಡುವೆ ಎಳೆ ತಪ್ಪಿ, ಮುಂದೇನೆಂದು ತೋಚದೆ ಕುಳಿತುಬಿಟ್ಟರು. ಆಮೇಲೆ ಅವರು ವಿವರವಾದ ಟಿಪ್ಪಣಿಯಿಲ್ಲದೆ ಭಾಷಣಕ್ಕೆ ನಿಲ್ಲುತ್ತಿರಲಿಲ್ಲ. ಬಾಯಿಪಾಠದಲ್ಲಿ ಪ್ರತಿ ವಾಕ್ಯವೂ ಹಿಂದಿನ ವಾಕ್ಯಕ್ಕೆ ಜೋತುಬಿದ್ದಿರುತ್ತದೆ, ಒಂದು ಕಳಚಿದರೆ ಎಲ್ಲವೂ ಹೋಯಿತು. ಹಾಗೆಂದು ಪೂರ್ತಿ ಬರೆದು ಓದಿದರೆ ತಲೆ ಮೇಲೇಳುವುದಿಲ್ಲ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯವನ್ನು ಅಕ್ಷರಶಃ ಕಲಿತುಕೊಂಡು, ನಡುವಿನದ್ದಕ್ಕೆ ಬರೀ ಸೂಚನೆಗಳನ್ನಿಟ್ಟುಕೊಳ್ಳುವುದು ನಡುವಿನ ದಾರಿ. ಗ್ರಂಥಾಲಯದ ಮಾತಿಗೆ ಚೀಟಿ ಇಷ್ಟೇ:

ಸಂಜೆ 6.10, ಬಾಗಿಲಿಗೆ ಬೀಗ
ಯಾರಿಗೆ ನಷ್ಟ? ದುಡಿಯುವವರು, ಕಾಲೇಜಿನವರು
ಖರ್ಚು: ಒಬ್ಬ ಸಿಬ್ಬಂದಿ, ಎರಡು ಗಂಟೆ
ಬೇಡಿಕೆ: ವಾರಕ್ಕೆ 2 ದಿನ, ರಾತ್ರಿ 8

ಆರಂಭದ ವಾಕ್ಯ: ‘ಕಳೆದ ಮಂಗಳವಾರ ಸಂಜೆ ಆರೂ ಹತ್ತಕ್ಕೆ ನಾವು ಐದು ಜನ ಗ್ರಂಥಾಲಯದ ಮುಂದೆ ನಿಂತಿದ್ದೆವು, ಬಾಗಿಲಿಗೆ ಬೀಗ ಬಿದ್ದಿತ್ತು.’ ಕೇಳುವವರು ಆಗಲೇ ಬಾಗಿಲ ಮುಂದೆ ಬಂದು ನಿಂತಿರುತ್ತಾರೆ. ಚೀಟಿಗೆ ತೆಳು ಹಾಳೆ ಬೇಡ, ಅಂಗೈಯಗಲದ ದಪ್ಪ ಕಾಗದ ಇರಲಿ. ಬೆರಳಿನ ಸಣ್ಣ ನಡುಕವನ್ನು ತೆಳು ಹಾಳೆ ಸಭೆಗೆಲ್ಲ ಡಂಗುರ ಸಾರುತ್ತದೆ. ಅಕ್ಷರ ದೊಡ್ಡದಿರಲಿ, ಚೀಟಿ ಒಂದಕ್ಕಿಂತ ಹೆಚ್ಚಿದ್ದರೆ ಸಂಖ್ಯೆ ಹಾಕಿ.

ಉದ್ದದ ವಿಷಯದಲ್ಲಿ ಕಡಿಮೆ ಹೇಳಿ ಕೆಟ್ಟವರಿಲ್ಲ. ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ 1863ರ ನವೆಂಬರಿನಲ್ಲಿ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತನಾಡಿದರು, ಆಮೇಲೆ ಅಧ್ಯಕ್ಷ ಲಿಂಕನ್ ಸುಮಾರು ಎರಡು ನಿಮಿಷ. ತಾನು ಎರಡು ಗಂಟೆಯಲ್ಲಿ ಮುಟ್ಟಲಾಗದ ತಿರುಳನ್ನು ಲಿಂಕನ್ ಎರಡು ನಿಮಿಷದಲ್ಲಿ ಮುಟ್ಟಿದರೆಂಬ ಅರ್ಥದಲ್ಲಿ ಮರುದಿನ ಎವರೆಟ್ ಅವರೇ ಪತ್ರ ಬರೆದರು. ನಿಮಗೆ ಹತ್ತು ನಿಮಿಷ ಕೊಟ್ಟಿದ್ದರೆ ಎಂಟಕ್ಕೆ ಸಿದ್ಧವಾಗಿ.

ಹಂತ 4: ಬಾಯಿಬಿಟ್ಟು, ನಿಂತುಕೊಂಡು ಅಭ್ಯಾಸ ಮಾಡಿ

ಚೀಟಿಯ ಮೇಲೆ ಹತ್ತು ಸಲ ಕಣ್ಣಾಡಿಸುವುದು ಅಭ್ಯಾಸವಲ್ಲ. ಕಣ್ಣಿಗೆ ಪರಿಚಿತವಾದದ್ದು ನಾಲಿಗೆಗೆ ಪರಿಚಿತವಾಗಿರಬೇಕೆಂದಿಲ್ಲ. ಚೀಟಿಯನ್ನು ಮಗುಚಿಟ್ಟು, ಎದ್ದು ನಿಂತು, ಸಭೆಯಲ್ಲಿ ಮಾತನಾಡುವಷ್ಟೇ ಜೋರಾಗಿ, ಮೊದಲಿನಿಂದ ಕೊನೆಯವರೆಗೆ ಹೇಳಿ. ನಡುವೆ ತಪ್ಪಿದರೆ ಮತ್ತೆ ಮೊದಲಿಗೆ ಹೋಗಬೇಡಿ. ಹೋದರೆ ಆರಂಭ ಮಾತ್ರ ನಯವಾಗುತ್ತದೆ, ಕೊನೆ ಒರಟಾಗಿಯೇ ಉಳಿಯುತ್ತದೆ. ವೇದಿಕೆಯ ಮೇಲೂ ‘ಮೊದಲಿನಿಂದ ಶುರು ಮಾಡುತ್ತೇನೆ’ ಎನ್ನಲಾಗುವುದಿಲ್ಲ. ಪ್ರತಿ ಸಲವೂ ಶಬ್ದಗಳು ಸ್ವಲ್ಪ ಬದಲಾಗಲಿ. ಒಂದೇ ವಿಷಯವನ್ನು ಮೂರು ರೀತಿಯಲ್ಲಿ ಹೇಳಬಲ್ಲವರಿಗೆ ಒಂದು ಶಬ್ದ ಮರೆತುಹೋದರೆ ಗಾಬರಿಯಿಲ್ಲ.

ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ವೇದಿಕೆಯ ಮೇಲೆ ನಮ್ಮ ಗಮನ ನಮ್ಮ ಮೇಲಿಂದ ಸರಿದು ಕೇಳುವವರ ಕಡೆಗೆ ಹೋಗಬೇಕು. ಕನ್ನಡಿ ಅದಕ್ಕೆ ವಿರುದ್ಧವಾದದ್ದನ್ನು ಕಲಿಸುತ್ತದೆ. ಅದಕ್ಕಿಂತ ಮೊಬೈಲಿನಲ್ಲಿ ದಾಖಲಿಸಿ ಆಮೇಲೆ ಕೇಳುವುದು ಮೇಲು. ಮೊದಲ ಸಲ ಕೇಳಿದಾಗ ‘ಇದು ನನ್ನ ಧ್ವನಿಯೇ?’ ಎನ್ನಿಸುತ್ತದೆ. ನಮ್ಮ ಧ್ವನಿ ನಮಗೆ ಗಾಳಿಯ ಜೊತೆಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ ಹೆಚ್ಚು ಗಡುಸಾಗಿ ತೋರುತ್ತದೆ. ಧ್ವನಿಮುದ್ರಣದಲ್ಲಿ ಆ ಭಾಗ ಇರುವುದಿಲ್ಲ. ನಾಲ್ಕು ಸಲ ಕೇಳಿದರೆ ಒಗ್ಗುತ್ತದೆ. ಕೇಳುವಾಗ ಎರಡನ್ನು ಮಾತ್ರ ಗಮನಿಸಿ: ಓಟ ಎಲ್ಲಿ ಹೆಚ್ಚಾಯಿತು, ‘ಅಂದರೆ’, ‘ಏನಂದರೆ’, ‘ಆಮೇಲೆ’ ಎಲ್ಲೆಲ್ಲಿ ಸುಮ್ಮನೆ ನುಸುಳಿದವು.

ಕೈ ಎಲ್ಲಿಡಬೇಕು, ಹೇಗೆ ನಗಬೇಕು ಎಂಬುದರ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಡಿ. ಮಾತಿನ ಪರಿಣಾಮದಲ್ಲಿ ಶಬ್ದಗಳ ಪಾಲು ಶೇಕಡಾ 7 ಮಾತ್ರ, ಉಳಿದದ್ದೆಲ್ಲ ಧ್ವನಿ ಮತ್ತು ಹಾವಭಾವ ಎಂದು ತರಬೇತಿ ಶಿಬಿರಗಳಲ್ಲಿ ಹೇಳುವುದುಂಟು. ಆ ಅಂಕಿ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ನಡೆಸಿದ ಪ್ರಯೋಗಗಳಿಂದ ಬಂದದ್ದು. ಆಡಿದ ಶಬ್ದಕ್ಕೂ ಧ್ವನಿಗೂ ಮುಖಭಾವಕ್ಕೂ ಹೊಂದಿಕೆಯಾಗದಿದ್ದಾಗ ಜನ ಭಾವನೆಯನ್ನು ಹೇಗೆ ಅಳೆಯುತ್ತಾರೆ ಎಂಬುದಷ್ಟೇ ಅವುಗಳ ವಿಷಯ. ಭಾಷಣಕ್ಕೂ ಅದಕ್ಕೂ ಸಂಬಂಧವಿಲ್ಲ. ಶಬ್ದಗಳು ಶೇಕಡಾ 7 ಮಾತ್ರವಾಗಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವೂ ನಮಗೆ ಬಹುಪಾಲು ಅರ್ಥವಾಗಬೇಕಿತ್ತು.

ಹಂತ 5: ಆ ದಿನದ ಕೆಲಸಗಳು

ಅರ್ಧ ಗಂಟೆ ಮೊದಲೇ ಹೋಗಿ. ನೀವು ನಿಲ್ಲುವ ಜಾಗದಲ್ಲಿ ನಿಂತು ಖಾಲಿ ಕುರ್ಚಿಗಳನ್ನು ನೋಡಿ. ಬೇಗ ಬಂದವರಲ್ಲಿ ಒಂದಿಬ್ಬರನ್ನು ಮಾತನಾಡಿಸಿ. ಆಮೇಲೆ ವೇದಿಕೆಯಿಂದ ನೋಡಿದಾಗ ಗುಂಪಿನಲ್ಲಿ ಪರಿಚಿತ ಮುಖಗಳಿರುತ್ತವೆ. ಮೈಕನ್ನು ಬಾಯಿಂದ ಸುಮಾರು ಒಂದು ಮುಷ್ಟಿ ದೂರದಲ್ಲಿಟ್ಟು ಒಂದು ವಾಕ್ಯ ಹೇಳಿ ಪರೀಕ್ಷಿಸಿ. ಊದುವುದು, ತಟ್ಟುವುದು ಬೇಡ. ಮೈಕು ಸ್ಪೀಕರ್ ಪೆಟ್ಟಿಗೆಯ ಕಡೆಗೆ ಮುಖ ಮಾಡಿದಾಗ ಕಿರುಚುತ್ತದೆ, ಅದನ್ನು ತಿರುಗಿಸಿದರೆ ಸಾಕು. ಕುಡಿಯುವ ನೀರು ಕೈಗೆಟುಕುವಲ್ಲಿರಲಿ.

ಸರದಿ ಬರುವ ಮುನ್ನ ಕುಳಿತಲ್ಲಿಯೇ ಉಸಿರನ್ನು ತಹಬಂದಿಗೆ ತನ್ನಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಕ್ಕೆ, ಎಂಟು ಹತ್ತು ಬಾರಿ. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಆದರೆ ‘ಶಾಂತವಾಗು, ಶಾಂತವಾಗು’ ಎಂದು ಮನಸ್ಸಿಗೆ ಗದರಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುನ್ನ ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳಿಕೊಂಡವರ ಮಾತು ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರ ಮಾತಿಗಿಂತ ಹೆಚ್ಚು ಮನವೊಲಿಸುವಂತಿತ್ತು. ಹೆದರಿಕೆಯಲ್ಲೂ ಉತ್ಸಾಹದಲ್ಲೂ ಎದೆ ಬಡಿದುಕೊಳ್ಳುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾಟುವುದು ಸುಲಭ, ಶಾಂತಿಗೆ ದಾಟುವುದು ಕಷ್ಟ.

ಹಂತ 6: ಮೊದಲ ನಿಮಿಷ

ಎದ್ದು ಹೋಗಿ, ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಿ. ಒಂದು ಉಸಿರು ಪೂರ್ತಿ ಹೊರಬಿಡಿ. ಸಭೆಯನ್ನು ನೋಡಿ. ಆಮೇಲೆ ಬಾಯಿ ತೆರೆಯಿರಿ. ಈ ಮೂರು ಸೆಕೆಂಡುಗಳ ಮೌನ ನಿಮಗೆ ಮೂರು ನಿಮಿಷದಂತೆ ಭಾಸವಾಗುತ್ತದೆ. ಕೇಳುವವರಿಗೆ ಅದು ಸಿದ್ಧತೆಯಂತೆ ಕಾಣುತ್ತದೆ.

‘ನನಗೆ ಅಷ್ಟಾಗಿ ಮಾತನಾಡಲು ಬರುವುದಿಲ್ಲ, ತಪ್ಪಿದ್ದರೆ ಕ್ಷಮಿಸಿ’ ಎಂದು ಆರಂಭಿಸುವುದನ್ನು ದಯವಿಟ್ಟು ಬಿಡಿ. ಇದು ವಿನಯವೆಂದು ನಾವು ಭಾವಿಸಿದ್ದೇವೆ. ಹೀಗೆ ಹೇಳಿದ ಮರುಕ್ಷಣದಿಂದ ಸಭಿಕರು ತಪ್ಪುಗಳನ್ನು ಹುಡುಕತೊಡಗುತ್ತಾರೆ. ‘ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ’ ಎಂಬುದೂ ಬೇಡ, ಅದನ್ನು ಹೇಳಿದವರೇ ಮುಕ್ಕಾಲು ಗಂಟೆ ತೆಗೆದುಕೊಂಡ ಅನುಭವ ಸಭಿಕರಿಗಿರುತ್ತದೆ. ಒಂದು ನಮಸ್ಕಾರ, ನೇರವಾಗಿ ಬೀಗ ಬಿದ್ದ ಬಾಗಿಲು.

ತಲೆಗಳ ಮೇಲೆ ಎಲ್ಲೋ ದೂರದ ಗೋಡೆಯನ್ನು ನೋಡಬೇಡಿ. ಒಂದು ವಾಕ್ಯ ಮುಗಿಯುವವರೆಗೆ ಒಬ್ಬರನ್ನು ನೋಡಿ, ಮುಂದಿನ ವಾಕ್ಯಕ್ಕೆ ಇನ್ನೊಬ್ಬರನ್ನು. ಹೀಗೆ ಮಾಡಿದರೆ ನೂರು ಜನರ ಸಭೆಯೂ ಒಬ್ಬೊಬ್ಬರೊಡನೆ ಆಡುವ ಮಾತಾಗುತ್ತದೆ. ಗಂಟುಮುಖ ಹಾಕಿ ಕುಳಿತವರನ್ನು ಕಂಡು ಎದೆಗುಂದಬೇಡಿ, ಮನಸ್ಸಿಟ್ಟು ಕೇಳುವವರ ಮುಖ ಹೆಚ್ಚಾಗಿ ಹಾಗೆಯೇ ಇರುತ್ತದೆ. ‘ಆಂ...’ ಬರುವ ಜಾಗದಲ್ಲಿ ತುಟಿ ಮುಚ್ಚಿ ಸುಮ್ಮನಿರುವುದನ್ನು ರೂಢಿಸಿಕೊಳ್ಳಿ.

ಮರೆತುಹೋದರೆ?

ಮರೆತೇ ಮರೆಯುತ್ತದೆ ಎಂದುಕೊಂಡು ಅದಕ್ಕೂ ಅಭ್ಯಾಸ ಮಾಡಿ. ಮೊದಲು ನಿಲ್ಲಿ. ಒಂದು ಗುಟುಕು ನೀರು ಕುಡಿಯಿರಿ. ಚೀಟಿ ನೋಡಿ. ಚೀಟಿ ನೋಡುವುದು ಅವಮಾನವೇನಲ್ಲ, ಅದನ್ನು ತಂದದ್ದೇ ಅದಕ್ಕೆ. ಆಗಲೂ ಹೊಳೆಯದಿದ್ದರೆ ‘ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಒಟ್ಟುಗೂಡಿಸುತ್ತೇನೆ’ ಎಂದು ಹಿಂದಿನದ್ದನ್ನೇ ಒಂದು ವಾಕ್ಯದಲ್ಲಿ ಹೇಳಿ. ಅದನ್ನು ಹೇಳುತ್ತಿರುವಾಗಲೇ ಮುಂದಿನದು ಬರುತ್ತದೆ. ಬಾರದಿದ್ದರೆ ಚೀಟಿಯ ಮುಂದಿನ ಸಾಲಿಗೆ ಹೋಗಿಬಿಡಿ. ನೀವು ಏನನ್ನು ಬಿಟ್ಟಿರೆಂಬುದು ನಿಮಗೊಬ್ಬರಿಗೇ ಗೊತ್ತು. ‘ಅಯ್ಯೋ, ಇನ್ನೊಂದು ಮುಖ್ಯ ವಿಷಯ ಮರೆತೆ’ ಎಂದು ಹಿಂದಕ್ಕೆ ಓಡಿ ಬಂದಾಗಲೇ ಅದು ಎಲ್ಲರಿಗೂ ತಿಳಿಯುವುದು.

ಪ್ರಶ್ನೋತ್ತರಕ್ಕೆ ಹೆದರುವವರಿಗೆ ಒಂದೇ ಕಿವಿಮಾತು. ಪ್ರಶ್ನೆಯನ್ನು ಪೂರ್ತಿ ಕೇಳಿ, ಹಿಂದಿನ ಸಾಲಿಗೂ ಮುಟ್ಟುವಂತೆ ಅದನ್ನು ನಿಮ್ಮ ಮಾತಿನಲ್ಲಿ ಪುನಃ ಹೇಳಿ; ಯೋಚಿಸಲು ಅಷ್ಟು ಸಮಯ ಸಿಗುತ್ತದೆ. ಉತ್ತರ ತಿಳಿಯದಿದ್ದರೆ ‘ಇದು ನನಗೆ ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ’ ಎನ್ನಿ.

ವೈದ್ಯರನ್ನು ಯಾವಾಗ ಕಾಣಬೇಕು?

ಮಾತನಾಡಬೇಕಾಗುತ್ತದೆಂಬ ಒಂದೇ ಕಾರಣಕ್ಕೆ ಕೆಲಸ ಬಿಡುವುದು, ಬಡ್ತಿ ಬೇಡವೆನ್ನುವುದು, ವಾರಗಟ್ಟಲೆ ನಿದ್ದೆಗೆಡುವುದು ನಡೆಯುತ್ತಿದ್ದರೆ ಅದು ಮಾಮೂಲಿ ಸಭಾಕಂಪವಲ್ಲ. ಸಾಮಾಜಿಕ ಆತಂಕಕ್ಕೆ ಮನೋವೈದ್ಯರಲ್ಲಿ, ಮನಶ್ಶಾಸ್ತ್ರಜ್ಞರಲ್ಲಿ ಒಳ್ಳೆಯ ಚಿಕಿತ್ಸೆಯಿದೆ. ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆಯಿಂದ ಬಹಳ ಜನರಿಗೆ ಅನುಕೂಲವಾಗಿದೆ. ವೇದಿಕೆ ಹತ್ತುವ ಮುನ್ನ ಕೆಲವರು ಪ್ರೊಪ್ರನಲಾಲ್ ಮಾತ್ರೆ ನುಂಗುವುದನ್ನು ನೀವು ಕೇಳಿರಬಹುದು. ಅದು ಎದೆಬಡಿತವನ್ನೂ ಕೈನಡುಕವನ್ನೂ ತಗ್ಗಿಸುತ್ತದೆ ನಿಜ, ಆದರೆ ಆಸ್ತಮಾ ಇರುವವರಿಗೆ ಅಪಾಯಕಾರಿ. ಸ್ನೇಹಿತರ ಚೀಟಿ ನೋಡಿ ಔಷಧದಂಗಡಿಗೆ ಹೋಗಬೇಡಿ.

ಮುಗಿದ ಮೇಲೆ

ಕೆಳಗಿಳಿದ ತಕ್ಷಣ ಮನಸ್ಸು ತಪ್ಪುಗಳ ಪಟ್ಟಿ ಓದಲು ಶುರು ಮಾಡುತ್ತದೆ. ಆ ಹೊತ್ತಿನ ತೀರ್ಪನ್ನು ನಂಬಬೇಡಿ. ಎರಡು ದಿನ ಬಿಟ್ಟು ಧ್ವನಿಮುದ್ರಣ ಕೇಳಿ, ಚೆನ್ನಾಗಿ ಬಂದದ್ದನ್ನೂ ತಿದ್ದಬೇಕಾದ ಒಂದನ್ನೂ ಬರೆದಿಡಿ. ಒಂದೇ ಸಾಕು. ಒಟ್ಟಿಗೆ ಐದನ್ನು ತಿದ್ದಲು ಹೊರಟವರು ಮುಂದಿನ ಸಲ ಬರೀ ತಮ್ಮನ್ನೇ ಕಾವಲು ಕಾಯುತ್ತ ನಿಂತಿರುತ್ತಾರೆ. ಮುಂದಿನ ಅವಕಾಶ ತಿಂಗಳೊಳಗೆ ಇರುವಂತೆ ನೋಡಿಕೊಳ್ಳಿ, ಬಿಡುವು ಉದ್ದವಾದಷ್ಟೂ ಭಯ ಮತ್ತೆ ಚಿಗುರುತ್ತದೆ.

ಬೇರೆಯವರ ಅಭಿಪ್ರಾಯ ಬೇಕಿದ್ದರೆ ‘ಹೇಗಿತ್ತು?’ ಎಂದು ಕೇಳಬೇಡಿ. ‘ಚೆನ್ನಾಗಿತ್ತು’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಮರುದಿನ ಒಬ್ಬರನ್ನು ಹಿಡಿದು ‘ನಿನ್ನೆ ನಾನು ಹೇಳಿದ್ದರಲ್ಲಿ ಏನು ನೆನಪಿದೆ?’ ಎಂದು ಕೇಳಿ. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರಬೇಕು ಎಂದರೆ ಮಾತು ಮುಟ್ಟಿದೆ, ನಡುವೆ ಎಷ್ಟು ತೊದಲಿದ್ದರೂ ಸರಿಯೇ. ಪುಸ್ತಕಗಳ ಬಗ್ಗೆ ಏನೋ ಹೇಳಿದಿರಿ ಎಂದರೆ, ಮುಂದಿನ ಸಲ ಧ್ವನಿಗೂ ಕೈಗೂ ಗಮನ ಕೊಡುವ ಮೊದಲು ಮೂರನೆಯ ಹಂತಕ್ಕೆ ಹಿಂದಿರುಗಿ ಆ ಒಂದು ವಾಕ್ಯವನ್ನು ಮತ್ತೆ ಬರೆಯಿರಿ.